ಅರೆತಲೆನೋವು: ಬರುವ ಮೊದಲೇ ತೋರುವ ಗುರುತುಗಳು

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟು ಕಟ್ಟಿಸಂಗಾವಿಯ ಬಳಿ ಭೀಮಾನದಿಯನ್ನು ದಾಟಿದರೆ ಜೇವರ್ಗಿಯ ಸೀಮೆ ಮೊದಲಾಗುತ್ತದೆ. ಕಪ್ಪು ಎರೆನೆಲ, ತೊಗರಿ, ಜೋಳ, ಹತ್ತಿಗಳ ಬೆಳೆ, ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲು. ಈ ಸೀಮೆಯ ಹಳ್ಳಿಯೊಂದರ ಮನೆಯನ್ನು ವಾಚಕರು ಊಹಿಸಿಕೊಳ್ಳಲಿ. ತೊಗರಿಯ ರಾಶಿಯ ಕಾಲ. ಮನೆಯ ಸೊಸೆ ಬೆಳಗಿನಿಂದ ಮೇಲಿಂದ ಮೇಲೆ ಆಕಳಿಸುತ್ತಿದ್ದಾಳೆ. ಕುತ್ತಿಗೆ ಹಿಡಿದಂತಾಗಿದೆ ಎಂದು ಎರಡು ಸಲ ಹೇಳಿದ್ದಾಳೆ. ಎಂದೂ ಸಿಡುಕದವಳು ಮಕ್ಕಳ ಮೇಲೆ ಸಿಡುಕಿದ್ದಾಳೆ. ಇದನ್ನೆಲ್ಲ ನೋಡುತ್ತ ಕುಳಿತಿದ್ದ ಅತ್ತೆ, “ಹೊತ್ತು ಹೊಂಟಾಗಿಂದ ಆಕಳಿಸ್ಲಕತ್ತಿ, ನಾಳಿ ನಿಂಗ ತಲಿಬ್ಯಾನಿ ಬರ್ತದ ನೋಡವ್ವ” ಎನ್ನುತ್ತಾಳೆ. ಮಾರನೆಯ ದಿನ ಸೊಸೆ ಕತ್ತಲೆಯ ಕೋಣೆಯಲ್ಲಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಮಲಗಿರುತ್ತಾಳೆ. ನೆರೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ತನ್ನ ತಲೆಯ ಮೇಲೆಯೇ ಬಡಿದಂತೆ ಆಕೆಗೆ ಕೇಳಿಸುತ್ತದೆ.

ಅತ್ತೆಗೆ ಜ್ಯೋತಿಷ ತಿಳಿಯದು. ಹಲವು ಸಲ ಹೀಗಾದುದನ್ನು ಆಕೆ ಗಮನಿಸಿ ನೆನಪಿನಲ್ಲಿಟ್ಟಿದ್ದಾಳೆ, ಅಷ್ಟೆ. ವೈದ್ಯಶಾಸ್ತ್ರವು ಈ ಆಕಳಿಕೆಯನ್ನು ಲೆಕ್ಕಕ್ಕೆ ಹಿಡಿದು ಅಳೆದು ನೋಡಿದುದು ತೀರ ಈಚೆಗೆ. ಹಾಗೆ ಅಳೆದಾಗ ಅತ್ತೆಯ ಮಾತಿನಲ್ಲಿ ಬಹುಪಾಲು ನಿಜವಿದೆಯೆಂದು ಗೊತ್ತಾಯಿತು.

ಈ ಬೇನೆಯನ್ನು ನಾವು ಅರೆತಲೆನೋವು ಎನ್ನುತ್ತೇವೆ. ಆಯುರ್ವೇದದ ಗ್ರಂಥಗಳಲ್ಲಿ ಇದಕ್ಕೆ ಅರ್ಧಾವಭೇದಕವೆಂದು ಹೆಸರು. ಹತ್ತು ದಿನಕ್ಕೊಮ್ಮೆಯೋ ಪಕ್ಷಕ್ಕೊಮ್ಮೆಯೋ ಮರಳಿ ಬರುವುದೆಂದು ಸುಶ್ರುತಸಂಹಿತೆಯು ಇದರ ಸ್ವಭಾವವನ್ನು ಗುರುತಿಸಿದೆ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಇದನ್ನು ‘ಹೆಮಿಕ್ರೇನಿಯಾ’ ಎಂದು ಕರೆದನು. ಅದರ ಅರ್ಥವೂ ಅರ್ಧ ತಲೆ ಎಂದೇ. ಆ ಶಬ್ದವೇ ಸವೆಯುತ್ತ ಸವೆಯುತ್ತ ‘ಮೈಗ್ರೇನ್’ ಆಯಿತು. ಒಬ್ಬರನ್ನೊಬ್ಬರು ಕಾಣದ ಎರಡು ನಾಡುಗಳ ವೈದ್ಯರು ಒಂದೇ ಅರ್ಥದ ಹೆಸರನ್ನಿಟ್ಟರೆಂಬುದು ಸೋಜಿಗವೇ ಸರಿ. ಆದರೆ ಈ ಹೆಸರೇ ಹಲವರನ್ನು ದಾರಿ ತಪ್ಪಿಸಿರುವುದೂ ಉಂಟು. ನೋವು ಎರಡೂ ಪಕ್ಕಗಳಲ್ಲಿ ಬರಬಹುದು. ಮಕ್ಕಳಲ್ಲಿ ಸಾಮಾನ್ಯವಾಗಿ ಹಾಗೆಯೇ ಬರುತ್ತದೆ. ತಲೆಯೆಲ್ಲ ನೋಯುತ್ತಿದೆಯೆಂಬ ಕಾರಣದಿಂದ ಮಾತ್ರವೇ ಅದು ಮೈಗ್ರೇನ್ ಅಲ್ಲವೆಂದು ತಳ್ಳಿಹಾಕುವಂತಿಲ್ಲ.

ಇನ್ನೊಂದು ತಪ್ಪು ಹೆಸರು ‘ಪಿತ್ತ’. ನೋವಿನ ಜೊತೆಗೆ ಹೊಟ್ಟೆ ತೊಳಸಿ, ಹಳದಿಯ ಕಹಿ ನೀರು ವಾಂತಿಯಾಗಿ, ಕೆಲವರಿಗೆ ಅದಾದ ಮೇಲೆ ನೋವು ಇಳಿಯುವುದರಿಂದ, ಪಿತ್ತ ಕೆರಳಿದುದೇ ನೋವಿಗೆ ಕಾರಣವೆಂದು ಜನ ತಿಳಿಯುತ್ತಾರೆ. ಕಾರ್ಯವನ್ನು ಕಾರಣವೆಂದು ಬಗೆದಂತಾಯಿತು. ಬರಿಯ ಹೊಟ್ಟೆಯಿಂದ ವಾಂತಿಯಾದರೆ ಯಾರಿಗಾದರೂ ಪಿತ್ತರಸವೇ ಹೊರಬೀಳುತ್ತದೆ; ಬೇನೆಯ ಬೇರಿರುವುದು ಹೊಟ್ಟೆಯಲ್ಲಿ ಅಲ್ಲ, ಮೆದುಳಿನಲ್ಲಿ. ಇದಲ್ಲದೆ ದೃಷ್ಟಿಯಾಗಿದೆಯೆಂದು ನಿವಾಳಿಸುವವರುಂಟು, ಕನ್ನಡಕವನ್ನು ಬದಲಿಸುತ್ತ ಹೋಗುವವರುಂಟು. ಹೀಗೆ ಬೇರೆ ಬೇರೆ ಹೆಸರುಗಳ ಹಿಂದೆ ಅಡಗಿರುವುದರಿಂದಲೇ ಈ ಬೇನೆ ಎಷ್ಟು ವ್ಯಾಪಕವೆಂಬುದು ನಮಗೆ ಬಹುಕಾಲ ತಿಳಿದಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2009–10ರಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಜನರನ್ನು ವಿಚಾರಿಸಿದರು. ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಬಂದವರ ಪ್ರಮಾಣ ನೂರಕ್ಕೆ 25 ಎಂದು ತಿಳಿದುಬಂತು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಯವರಿಗಿಂತ ಹಳ್ಳಿಯವರಲ್ಲಿ ಅದು ಹೆಚ್ಚು. ಇದು ವಿದ್ಯಾವಂತರ, ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರ ಕಾಯಿಲೆಯೆಂಬ ಭಾವನೆ ಆ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಆ ಹಳ್ಳಿಗಳು ಜೇವರ್ಗಿಯಿಂದ ಬಲು ದೂರದವು. ಆದರೂ ಬಿಸಿಲಿನಲ್ಲಿ ದುಡಿದು ಹೊತ್ತಿಗೆ ಸರಿಯಾಗಿ ಉಣ್ಣಲಾಗದ ಹೆಂಗಸರು ಎರಡು ಕಡೆಗಳಲ್ಲಿಯೂ ಇದ್ದಾರೆ.

ಮೈಗ್ರೇನ್ ಎಂಬುದು ನೋವು ಮಾತ್ರವಲ್ಲ; ಅದೊಂದು ಮೆರವಣಿಗೆ. ನೋವು ಅದರ ನಡುವಿನ ಭಾಗ. ಮುಂದೆ ಬರುವ ವಾದ್ಯದವರನ್ನು ಗುರುತಿಸಬಲ್ಲವನಿಗೆ ಹಿಂದೆ ಏನು ಬರುತ್ತಿದೆಯೆಂದು ಕಾಣದೆಯೂ ತಿಳಿಯುತ್ತದೆ.

ಮೊದಲ ಗುರುತುಗಳು ನೋವಿಗೆ ಕೆಲವು ಗಂಟೆಗಳ ಮುಂಚೆ, ಕೆಲವೊಮ್ಮೆ ಒಂದೆರಡು ದಿನ ಮುಂಚೆಯೇ ಕಾಣಿಸುತ್ತವೆ. ಕಾರಣವಿಲ್ಲದ ದಣಿವು, ಬಿಟ್ಟೂಬಿಡದ ಆಕಳಿಕೆ, ಕುತ್ತಿಗೆಯ ಬಿಗಿತ, ಓದಿದ್ದು, ಹೇಳಿದ್ದು ತಲೆಗೆ ಹತ್ತದಿರುವುದು, ಸಿಡುಕು, ಇಲ್ಲವೆ ಅದಕ್ಕೆ ವಿರುದ್ಧವಾದ ವಿಪರೀತ ಉತ್ಸಾಹ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಇಂಥದನ್ನೇ ತಿನ್ನಬೇಕೆಂಬ ಬಯಕೆ, ನಿತ್ಯದ ಬೆಳಕೇ ಕಣ್ಣಿಗೆ ಚುಚ್ಚುವುದು. ಇವೆಲ್ಲವೂ ಒಬ್ಬರಲ್ಲಿಯೇ ಇರಬೇಕೆಂದಿಲ್ಲ. ಎಲ್ಲರಲ್ಲಿಯೂ ಇವು ಕಾಣಿಸುವುದೂ ಇಲ್ಲ. ಆದರೆ ಒಬ್ಬೊಬ್ಬರಿಗೆ ಅವರವರದೇ ಆದ ಎರಡು ಮೂರು ಗುರುತುಗಳಿದ್ದು, ಪ್ರತಿಸಲವೂ ಅವೇ ಮರಳುತ್ತವೆ.

ಇವನ್ನು ನಂಬಬಹುದೆ? 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥ ಗುರುತುಗಳು ತಮಗೆ ಕಾಣುತ್ತವೆಂದು ಹೇಳಿಕೊಂಡ 97 ರೋಗಿಗಳ ಕೈಗೆ ವಿದ್ಯುನ್ಮಾನ ದಿನಚರಿಯನ್ನು ಕೊಟ್ಟು, ಅನಿಸಿದುದನ್ನು ಅನಿಸಿದ ಗಳಿಗೆಯಲ್ಲಿಯೇ ದಾಖಲಿಸುವಂತೆ ಮಾಡಿದರು. ನೋವು ಬಂದ ಮೇಲೆ ಹಿಂದಿನದನ್ನು ನೆನೆದು ಬರೆಯಲು ಎಡೆಯೇ ಇರಲಿಲ್ಲ. ಅವರು ಕಂಡ ಮುನ್ಸೂಚನೆಗಳಲ್ಲಿ ನೂರಕ್ಕೆ 72ರಷ್ಟು ಸಲ ಮೂರು ದಿನಗಳೊಳಗೆ ಮೈಗ್ರೇನ್ ಬಂದೇ ಬಂತು. ದಣಿವು, ಏಕಾಗ್ರತೆಯ ಕೊರತೆ, ಕುತ್ತಿಗೆಯ ಬಿಗಿತ ಇವೇ ಎಲ್ಲಕ್ಕಿಂತ ಹೆಚ್ಚಾಗಿ ಕಂಡವು. ಇದಕ್ಕೆ ಆಧಾರವಾಗಿ ಮೆದುಳಿನೊಳಗೆ ಏನಾದರೂ ಕಾಣುವುದೋ ಎಂಬ ಪ್ರಶ್ನೆಗೂ ಉತ್ತರ ದೊರೆತಿದೆ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ರೋಗಿಯೊಬ್ಬಳ ಮೆದುಳನ್ನು ಸತತವಾಗಿ 30 ದಿನ, ಪ್ರತಿದಿನವೂ, ಕಾಂತಯಂತ್ರದಲ್ಲಿ ಪರೀಕ್ಷಿಸಿದರು. ಆ ಅವಧಿಯಲ್ಲಿ ಆಕೆಗೆ ಮೂರು ಸಲ ನೋವು ಬಂತು. ಪ್ರತಿಸಲವೂ ಸುಮಾರು ಒಂದು ದಿನ ಮುಂಚೆಯೇ ಹೈಪೊಥಲಮಸ್ ಎಂಬ ಭಾಗದ ಚಟುವಟಿಕೆ ಬದಲಾಗಿತ್ತೆಂದು 2016ರಲ್ಲಿ ಅವರು ವರದಿ ಮಾಡಿದರು. ಹೈಪೊಥಲಮಸ್ ಮೆದುಳಿನ ಬುಡದಲ್ಲಿರುವ, ಬಾದಾಮಿಯಷ್ಟು ಚಿಕ್ಕದಾದ ಭಾಗ. ನಿದ್ರೆ, ಹಸಿವು, ಬಾಯಾರಿಕೆ, ದೇಹದ ಕಾವು ಇವನ್ನೆಲ್ಲ ಅಂಕೆಯಲ್ಲಿಡುವುದು ಅದೇ. ಆಕಳಿಕೆ, ತಿನ್ನುವ ಬಯಕೆ, ಮೂತ್ರದ ಒತ್ತಡ ಎಂಬ ಒಂದಕ್ಕೊಂದು ಸಂಬಂಧವಿಲ್ಲದ ಗುರುತುಗಳು ಒಂದೇ ಸಾಲಿನಲ್ಲಿ ಏಕೆ ಬರುತ್ತವೆಂಬುದು ಇದರಿಂದ ಅರ್ಥವಾಗುತ್ತದೆ.

ಇಲ್ಲಿ ಒಂದು ತೊಡಕನ್ನು ಬಿಡಿಸಬೇಕು. “ನಿನ್ನೆ ಶೇಂಗಾ ಹೋಳಿಗೆ ತಿಂದೆ, ಅದಕ್ಕೇ ಇಂದು ತಲೆ ನೋಯುತ್ತಿದೆ” ಎನ್ನುವವರನ್ನು ನಾವೆಲ್ಲ ಕೇಳಿದ್ದೇವೆ. ಹೋಳಿಗೆಯಿಂದ ನೋವು ಬಂತೋ, ಬರಲಿದ್ದ ನೋವೇ ಸಿಹಿಯ ಬಯಕೆಯನ್ನು ಹುಟ್ಟಿಸಿತೋ? ಎರಡನೆಯದಾಗಿದ್ದರೆ ಹೋಳಿಗೆಯ ಮೇಲೆ ಹೊರಿಸಿದ ಅಪವಾದ ಸುಳ್ಳು. ಬಿಸಿಲಿನ ವಿಷಯವೂ ಅಂತೆಯೇ. ಬಿಸಿಲು ಹಲವರಿಗೆ ನೋವನ್ನು ತರುತ್ತದೆ, ನಿಜ. ಆದರೆ ಬೆಳಕನ್ನು ತಾಳಲಾರದ ಸ್ಥಿತಿ ಬೇನೆಯ ಮೊದಲ ಹೆಜ್ಜೆಯೂ ಆಗಿರುವುದರಿಂದ, ನಿನ್ನೆ ಸುಮ್ಮನಿದ್ದ ಬಿಸಿಲು ಇಂದು ಕಣ್ಣಿಗೆ ಇರಿದರೆ ಅಷ್ಟರಲ್ಲಾಗಲೇ ಬೇನೆ ಹೊರಟಿರಲೂಬಹುದು. ಇದನ್ನು ತಿಳಿಯದೆ ಒಂದೊಂದೇ ಪದಾರ್ಥವನ್ನು ಬಿಡುತ್ತ ಬಂದು, ಕಡೆಗೆ ತಿನ್ನಲು ಏನೂ ಉಳಿಯದಂತಾದವರಿದ್ದಾರೆ. ಹಾಗೆ ನೋಡಿದರೆ ಏನನ್ನೂ ತಿನ್ನದಿರುವುದೇ ನೋವನ್ನು ಕರೆಯುವ ಬಲವಾದ ಕಾರಣ. ಶ್ರಾವಣ ಸೋಮವಾರದ ಒಪ್ಪತ್ತಿರಲಿ, ರಂಜಾನಿನ ರೋಜಾ ಇರಲಿ, ಹೊಲದ ಕೆಲಸದಲ್ಲಿ ಬುತ್ತಿ ಬಿಚ್ಚಲು ತಡವಾದ ದಿನವಿರಲಿ, ಮೈಗ್ರೇನಿಗೆ ಭೇದವಿಲ್ಲ.

ನಮ್ಮ ದೇಶದಲ್ಲಿ ವಿಶೇಷವಾಗಿ ಕಂಡುಬಂದ ಇನ್ನೊಂದು ಕಾರಣ ತಲೆಗೆ ಎರೆದುಕೊಳ್ಳುವುದು. ಮುಂಬಯಿಯ ವೈದ್ಯರಾದ ಕೆ. ರವಿಶಂಕರ್ ಅವರು ತಾವು ಕಂಡ 1,500 ಮೈಗ್ರೇನ್ ರೋಗಿಗಳ ಪೈಕಿ 94 ಜನರಿಗೆ ತಲೆಸ್ನಾನದಿಂದ ನೋವು ಬರುತ್ತಿತ್ತೆಂದು 2006ರಲ್ಲಿ ಬರೆದರು. ಪಶ್ಚಿಮದ ಪುಸ್ತಕಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿರಲಿಲ್ಲ. ಉದ್ದ ಕೂದಲಿನ ನಮ್ಮ ಹೆಂಗಸರನ್ನು ಕೇಳಿದ್ದರೆ ಹೇಳುತ್ತಿದ್ದರು.

ಮುನ್ಸೂಚನೆಗಳಾದ ಮೇಲೆ, ಸುಮಾರು ಮೂರರಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ ಜನರಿಗೆ, ಇನ್ನೊಂದು ಹಂತ ಉಂಟು. ಅದನ್ನು ವೈದ್ಯರು ‘ಔರಾ’ ಎನ್ನುತ್ತಾರೆ. ನಾವು ಪ್ರಭೆ ಎನ್ನಬಹುದು. ನೋಡುತ್ತಿರುವ ಅಕ್ಷರದ ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ ಮಿನುಗತೊಡಗುತ್ತದೆ. ಅದು ಮೆಲ್ಲನೆ ಹಿಗ್ಗಿ, ಅಂಚಿನಲ್ಲಿ ಹಲ್ಲುಹಲ್ಲಾದ, ಹೊಳೆಹೊಳೆಯುವ ಬಳ್ಳಿಯಾಗಿ, ಅರ್ಧಚಂದ್ರಾಕಾರವಾಗಿ ಹೊರಕ್ಕೆ ಸರಿಯುತ್ತದೆ. ಅದರ ಒಳಮೈಯಲ್ಲಿ ಏನೂ ಕಾಣದ ಒಂದು ಕುರುಡು ಜಾಗ. ಕಣ್ಣು ಮುಚ್ಚಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಕಣ್ಣಿನ ವ್ಯಾಪಾರವೇ ಅಲ್ಲ. ಇಂಗ್ಲೆಂಡಿನ ರಾಜಖಗೋಳಜ್ಞನಾಗಿದ್ದ ಜಾರ್ಜ್ ಏರಿಗೂ ಅವನ ಮಗ, ವೈದ್ಯನಾದ ಹ್ಯೂಬರ್ಟ್ ಏರಿಗೂ ಇದು ಬರುತ್ತಿತ್ತು. ತಾನು ಕಂಡುದನ್ನು ಮಗನು ಬಣ್ಣಗಳಲ್ಲಿ ಬರೆದು 1870ರಲ್ಲಿ ಪ್ರಕಟಿಸಿದನು. ಕೋಟೆಯ ಗೋಡೆಯಂತೆ ಕಾಣುವುದರಿಂದ ಗೋಡೆ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರಿಟ್ಟನು. ಕಲಬುರಗಿಯ ಕೋಟೆಯ ತೆನೆಗಳನ್ನು ಸಂಜೆಯ ಬೆಳಕಿನಲ್ಲಿ ಕಂಡವರು ಅದರ ಅಂಚನ್ನು ಒಂದಿಷ್ಟು ಊಹಿಸಿಕೊಳ್ಳಬಹುದು.

ಈ ಕೋಟೆಯ ಗೋಡೆ ಚಲಿಸುವ ವೇಗದಿಂದಲೇ ಬೇನೆಯ ಗುಟ್ಟು ಹೊರಬಿದ್ದಿತು. ಅಮೆರಿಕೆಯ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲೀ ತನಗೇ ಬರುತ್ತಿದ್ದ ಪ್ರಭೆಯನ್ನು ಕಾಗದದ ಮೇಲೆ ಗುರುತಿಸಿಕೊಂಡು, ಮೆದುಳಿನ ಹಿಂಭಾಗದ ದೃಷ್ಟಿಕ್ಷೇತ್ರದಲ್ಲಿ ಏನೋ ಒಂದು ಅಲೆ ನಿಮಿಷಕ್ಕೆ 3 ಮಿಲಿಮೀಟರಿನಷ್ಟು ಹರಿಯುತ್ತಿರಬೇಕೆಂದು 1941ರಲ್ಲಿ ಲೆಕ್ಕ ಹಾಕಿದನು. ಮೂರು ವರ್ಷಗಳ ಬಳಿಕ ಬ್ರೆಜಿಲ್ ದೇಶದ ಅರಿಸ್ಟೈಡಿಸ್ ಲಿಯಾವೋ ಎಂಬ ವಿಜ್ಞಾನಿ, ಮೈಗ್ರೇನಿನ ಯೋಚನೆಯೇ ಇಲ್ಲದೆ, ಮೊಲದ ಮೆದುಳಿನ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ವಿದ್ಯುತ್ ಚಟುವಟಿಕೆ ತಟ್ಟನೆ ಅಡಗಿ ಆ ಮೌನವು ನಿಧಾನವಾಗಿ ಸುತ್ತಲೂ ಹರಡುವುದನ್ನು ಕಂಡನು. ಅದರ ವೇಗವೂ ಬಹುಮಟ್ಟಿಗೆ ಅಷ್ಟೇ. ಎರಡೂ ಒಂದೇ ಇರಬೇಕೆಂದು 1958ರಲ್ಲಿ ಪೀಟರ್ ಮಿಲ್ನರ್ ಎತ್ತಿ ತೋರಿಸುವವರೆಗೆ ಆ ಎರಡು ಬರೆಹಗಳು ಬೇರೆಬೇರೆಯಾಗಿಯೇ ಇದ್ದವು. ಮನುಷ್ಯರ ಮೆದುಳಿನಲ್ಲಿಯೂ ಪ್ರಭೆಯ ಹೊತ್ತಿನಲ್ಲಿ ಇಂಥ ಅಲೆ ಸರಿಯುವುದನ್ನು 2001ರಲ್ಲಿ ಕಾಂತಚಿತ್ರಗಳಿಂದ ಕಂಡುಕೊಂಡರು.

ಈ ನಿಧಾನಗತಿಯನ್ನು ನೆನಪಿಡುವುದರಿಂದ ಜೀವ ಉಳಿಯಬಹುದು. ಪ್ರಭೆ ಕಣ್ಣಿಗೆ ಮಾತ್ರ ಸೀಮಿತವಲ್ಲ. ಕೆಲವರಿಗೆ ಬೆರಳ ತುದಿಯಲ್ಲಿ ಜುಮುಜುಮು ಮೊದಲಾಗಿ, ತೋಳನ್ನೇರಿ, ತುಟಿ ನಾಲಗೆಗಳಿಗೆ ಹತ್ತುತ್ತದೆ. ಕೆಲವರಿಗೆ ಮಾತು ತೊಡರುತ್ತದೆ. ಪಾರ್ಶ್ವವಾಯುವಿನಲ್ಲಿಯೂ ಹೀಗೆ ಆಗುವುದಿಲ್ಲವೆ? ಆಗುತ್ತದೆ. ಆದರೆ ಪ್ರಭೆ ಐದು ನಿಮಿಷ, ಹತ್ತು ನಿಮಿಷ ತೆಗೆದುಕೊಂಡು ತೆವಳುತ್ತ ಹರಡಿ, ಸಾಧಾರಣವಾಗಿ ಒಂದು ಗಂಟೆಯೊಳಗೆ ಅಳಿಸಿಹೋಗುತ್ತದೆ. ಪಾರ್ಶ್ವವಾಯು ದೀಪ ಆರಿದಂತೆ ಒಮ್ಮೆಲೇ ಬಂದೆರಗುತ್ತದೆ. ಪ್ರಭೆಯಲ್ಲಿ ಇಲ್ಲದ ಮಿಂಚು ಕಾಣುತ್ತದೆ, ಇಲ್ಲದ ಜುಮುಜುಮು ತೋರುತ್ತದೆ. ಪಾರ್ಶ್ವವಾಯುವಿನಲ್ಲಿ ಇದ್ದ ನೋಟ, ಇದ್ದ ಬಲ ಕಳೆದುಹೋಗುತ್ತದೆ. ಹೀಗಿದ್ದರೂ ಜೀವನದಲ್ಲಿ ಮೊದಲನೆಯ ಸಲ ಇಂಥದು ಕಂಡಾಗ, ಅಥವಾ ಕೈಕಾಲಿನ ಬಲವೇ ಕುಂದಿದಾಗ, ಮನೆಯಲ್ಲಿ ಕುಳಿತು ತರ್ಕ ಮಾಡುತ್ತಿರಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪ್ರಭೆಯುಳ್ಳ ಮೈಗ್ರೇನ್ ಇರುವವರಿಗೆ ಪಾರ್ಶ್ವವಾಯುವಿನ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚು. ಧೂಮಪಾನ ಅದನ್ನು ಇನ್ನೂ ಹೆಚ್ಚಿಸುತ್ತದೆ. ಈಸ್ಟ್ರೋಜನ್ ಬೆರೆತ ಗರ್ಭನಿರೋಧಕ ಗುಳಿಗೆಗಳನ್ನು ತೆಗೆದುಕೊಳ್ಳುವ ಮೊದಲು ಇಂಥ ಹೆಂಗಸರು ಪ್ರಭೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಇನ್ನು ನೋವು. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಬಂದವರಿಗೆ ಗೊತ್ತು. ಔಷಧವಿಲ್ಲದಿದ್ದರೆ ದೊಡ್ಡವರಲ್ಲಿ 4 ಗಂಟೆಯಿಂದ 72 ಗಂಟೆಯವರೆಗೆ ಇರುತ್ತದೆ, ನಾಡಿಯೊಡನೆ ಮಿಡಿಯುತ್ತದೆ, ಬಾಗಿ ಕಸ ಗುಡಿಸಿದರೆ, ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆ. ಬೆಳಕು, ಸದ್ದು, ಒಗ್ಗರಣೆಯ ವಾಸನೆ ಸಹಿಸವು. 2003ರಲ್ಲಿ ಅಮೆರಿಕೆಯ ವೈದ್ಯರು ಮೂರು ಪ್ರಶ್ನೆಗಳ ಸರಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ತಲೆನೋವಿನೊಡನೆ ಹೊಟ್ಟೆ ತೊಳಸುತ್ತದೆಯೆ? ನೋವಿಲ್ಲದಾಗ ತೊಂದರೆ ಕೊಡದ ಬೆಳಕು ಆಗ ತೊಂದರೆ ಕೊಡುತ್ತದೆಯೆ? ಕಳೆದ ಮೂರು ತಿಂಗಳಲ್ಲಿ ಒಂದು ದಿನವಾದರೂ ತಲೆನೋವಿನಿಂದ ಕೆಲಸ ನಿಂತಿದೆಯೆ? ಮೂರರಲ್ಲಿ ಎರಡಕ್ಕೆ ಹೌದೆಂದರೆ ಅದು ಮೈಗ್ರೇನ್ ಆಗಿರುವ ಸಂಭವ ಬಲವಾಗಿದೆ. ಮೂರನೆಯ ಪ್ರಶ್ನೆಯನ್ನು ನಮ್ಮ ಕಡೆ ಕೊಂಚ ತಿರುಗಿಸಿ ಕೇಳಬೇಕೆಂದು ನನಗೆ ತೋರುತ್ತದೆ. “ಕೆಲಸ ನಿಂತಿತೆ?” ಎಂದರೆ ಜೇವರ್ಗಿಯ ಹೆಂಗಸು ಇಲ್ಲವೆಂದೇ ಹೇಳುವಳು, ನೀರು ತರುವುದೂ ರೊಟ್ಟಿ ಬಡಿಯುವುದೂ ಆಕೆಗೆ ನಿಲ್ಲುವುದು ಯಾವಾಗ? “ನಿಲ್ಲಿಸಿ ಮಲಗುವಂತಿದ್ದರೆ ಮಲಗುತ್ತಿದ್ದೆಯಾ ತಾಯಿ?” ಎಂದು ಕೇಳಬೇಕು.

ನೋವು ಇಳಿದ ಮೇಲೂ ಒಂದು ದಿನ ಮಂಕು, ಮೈಭಾರ ಉಳಿಯುತ್ತದೆ. ಅದೂ ಬೇನೆಯ ಬಾಲವೇ ಹೊರತು ಸೋಮಾರಿತನವಲ್ಲ.

ಮೊದಲೇ ಗುರುತಿಸಿದರೆ ಲಾಭವೇನು? ನೋವಿನ ಹೊತ್ತಿನಲ್ಲಿ ಜಠರದ ಕೆಲಸ ನಿಧಾನವಾಗುತ್ತದೆ. ನೋವು ತಾರಕಕ್ಕೇರಿದಾಗ ನುಂಗಿದ ಮಾತ್ರೆ ಜಠರದಲ್ಲಿಯೇ ಉಳಿಯುತ್ತದೆ, ಇಲ್ಲವೆ ವಾಂತಿಯಲ್ಲಿ ಹೊರಬರುತ್ತದೆ. ಅಲ್ಲದೆ ನೋವು ಬಲಿತಂತೆ ಹಲವರಿಗೆ ಬಾಚಣಿಗೆ ಸೋಕಿದರೂ, ಕಿವಿಯೋಲೆ ಅಲುಗಿದರೂ, ಸೆರಗು ತಲೆಯ ಮೇಲೆ ಕುಳಿತರೂ ನೋಯತೊಡಗುತ್ತದೆ. ನರಮಂಡಲ ಕೆರಳಿ ಆ ಸ್ಥಿತಿಯನ್ನು ಮುಟ್ಟಿದ ಮೇಲೆ, ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಔಷಧಗಳು ಕೂಡ ಮೊದಲಿನಷ್ಟು ಕೆಲಸ ಮಾಡವು. ಆದುದರಿಂದ ವೈದ್ಯರು ಹೇಳಿದ ಮಾತ್ರೆಯನ್ನು ನೋವು ಇನ್ನೂ ಎಳೆಯದಾಗಿರುವಾಗಲೇ ತೆಗೆದುಕೊಳ್ಳಬೇಕು. ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ನೋವು ಮೊದಲಾಗುವ ಮುನ್ನವೇ, ಅಂದರೆ ಮುನ್ಸೂಚನೆಯ ಹಂತದಲ್ಲಿಯೇ, ಯುಬ್ರೊಜೆಪೆಂಟ್ ಎಂಬ ಹೊಸ ಔಷಧವನ್ನು ಕೊಟ್ಟು ನೋಡಿದ ಪ್ರಯೋಗವೊಂದು 2023ರಲ್ಲಿ ಪ್ರಕಟವಾಯಿತು. ಔಷಧ ತೆಗೆದುಕೊಂಡಾಗ ನೂರಕ್ಕೆ 46 ಸಲ ಮುಂದಿನ 24 ಗಂಟೆಗಳಲ್ಲಿ ಗಣನೀಯವಾದ ನೋವು ಬರಲೇ ಇಲ್ಲ. ಸುಳ್ಳುಮಾತ್ರೆ ತೆಗೆದುಕೊಂಡಾಗ ಹಾಗಾದುದು 29 ಸಲ. ಅತ್ತೆಯು ಕಂಡ ಆಕಳಿಕೆಗೆ ಈಗ ಔಷಧಶಾಸ್ತ್ರದಲ್ಲಿಯೂ ಬೆಲೆ ಬಂದಿದೆ.

ಆದರೆ ಮೊದಲೇ ನುಂಗುವುದೆಂದರೆ ಮೇಲಿಂದ ಮೇಲೆ ನುಂಗುವುದೆಂದು ಅರ್ಥವಲ್ಲ. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ನೋವಿನ ಗುಳಿಗೆಯೇ ನೋವನ್ನು ಬೆಳೆಸುವುದುಂಟು. ಪ್ಯಾರಾಸಿಟಮಾಲ್‌ನಂಥ ಒಂದೇ ಔಷಧದ ಮಾತ್ರೆಯನ್ನು ತಿಂಗಳಿಗೆ 15 ದಿನ, ಹಲವು ಔಷಧಗಳು ಕೂಡಿದ ಮಾತ್ರೆಯನ್ನು ಅಥವಾ ಟ್ರಿಪ್ಟಾನನ್ನು 10 ದಿನ, ಹೀಗೆ ಮೂರು ತಿಂಗಳಿಗೆ ಮಿಕ್ಕಿ ತೆಗೆದುಕೊಳ್ಳುತ್ತ ಹೋದರೆ, ಆಗಾಗ ಬರುತ್ತಿದ್ದ ನೋವು ನಿತ್ಯದ ನೋವಾಗಿ ಮಾರ್ಪಡುತ್ತದೆ. ಆಗ ಗುಳಿಗೆಯನ್ನು ಬಿಡುವುದೇ ಚಿಕಿತ್ಸೆ. ಅದನ್ನೂ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಮಾಡಬೇಕು. ವಾರಕ್ಕೊಮ್ಮೆಗಿಂತ ಹೆಚ್ಚು ನೋವು ಬರುವವರಿಗೆ, ಅದು ಬರದಂತೆ ತಡೆಯುವ ಔಷಧಗಳು ಬೇರೆಯೇ ಇವೆ.

ಮೈಗ್ರೇನಿನ ವೇಷದಲ್ಲಿ ಬರುವ ಬೇರೆ ಶತ್ರುಗಳೂ ಉಂಟು. ಸಿಡಿಲು ಹೊಡೆದಂತೆ ಕ್ಷಣಾರ್ಧದಲ್ಲಿ ತುತ್ತತುದಿಗೇರುವ ನೋವು. ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ನೋವು. ಜ್ವರ ಮತ್ತು ಬಗ್ಗದ ಕುತ್ತಿಗೆಯೊಡನೆ ಬಂದ ನೋವು. ತಲೆಗೆ ಪೆಟ್ಟು ಬಿದ್ದ ಬಳಿಕದ ನೋವು. ಬಸುರಿಯಲ್ಲಿ ಇಲ್ಲವೆ ಬಾಣಂತಿಯಲ್ಲಿ ಹೊಸದಾಗಿ ಹುಟ್ಟಿದ ನೋವು. ಮೂರ್ಛೆಯೊಡನೆ ಬಂದ ನೋವು. ವಾರದಿಂದ ವಾರಕ್ಕೆ ಏರುತ್ತಲೇ ಹೋಗುವ ನೋವು. ಇವುಗಳಲ್ಲಿ ಯಾವುದಕ್ಕೂ ಮನೆಮದ್ದಿಲ್ಲ. ಜೇವರ್ಗಿ, ಅಫಜಲಪುರ, ಆಳಂದಗಳ ಬೇಸಗೆಗೆ ಇನ್ನೊಂದನ್ನು ಸೇರಿಸಬೇಕು. ಬಿಸಿಲಿನಲ್ಲಿ ದುಡಿದವನು ತಲೆನೋವೆನ್ನುತ್ತ, ಮೈ ಕಾದ ಹಂಚಿನಂತಿದ್ದು, ಮಾತು ತಡಬಡವಾದರೆ ಅದು ಬಿಸಿಲ ಹೊಡೆತ. ಅಂಥವನನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ ಬಾಗಿಲು ಮುಚ್ಚಿದರೆ ಪ್ರಾಣಕ್ಕೇ ಅಪಾಯ. ನೆರಳಿಗೆ ತಂದು, ಮೈಯೆಲ್ಲ ತಣ್ಣೀರಿನಿಂದ ತೊಯ್ಯಿಸಿ, ಗಾಳಿ ಬೀಸುತ್ತ ಒಡನೆಯೇ ಆಸ್ಪತ್ರೆಗೆ ಸಾಗಿಸಬೇಕು. ಮೈಗ್ರೇನ್ ಇದ್ದವನಿಗೆ ಜ್ವರವಿರುವುದಿಲ್ಲ, ಬುದ್ಧಿ ಕೆಟ್ಟಿರುವುದಿಲ್ಲ ಎಂಬುದನ್ನು ನೆನಪಿಟ್ಟರೆ ಇವೆರಡನ್ನು ಬೇರ್ಪಡಿಸುವುದು ಕಷ್ಟವಲ್ಲ.

ತಲೆನೋವನ್ನು ದೊಡ್ಡ ರೋಗಗಳ ಸಾಲಿನಲ್ಲಿ ಸೇರಿಸಿಕೊಳ್ಳುವ ಮನಸ್ಸು ನಮ್ಮ ರಾಜ್ಯದಲ್ಲಿ ಈಗ ಮೂಡಿದೆ. ಸರಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಕೂಡಿ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಮೊದಲುಮಾಡಿದ ಮೆದುಳಿನ ಆರೋಗ್ಯ ಯೋಜನೆಯಲ್ಲಿ ಪಾರ್ಶ್ವವಾಯು, ಅಪಸ್ಮಾರ, ಮರೆವಿನ ಕಾಯಿಲೆಗಳ ಜೊತೆಗೆ ತಲೆನೋವಿಗೂ ಎಡೆ ದೊರೆಯಿತು. ತಾಲ್ಲೂಕು ಮತ್ತು ಪ್ರಾಥಮಿಕ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಡುವುದು ಅದರ ಮುಖ್ಯ ಕ್ರಮ.

ಆ ವೈದ್ಯರ ಮುಂದೆ ಕುಳಿತಾಗ “ಆಗಾಗ ತಲೆ ನೋಯುತ್ತದೆ” ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯದು. ಮೈಗ್ರೇನನ್ನು ಕಂಡುಹಿಡಿಯುವ ರಕ್ತಪರೀಕ್ಷೆಯಿಲ್ಲ, ಅದನ್ನು ತೋರಿಸುವ ಚಿತ್ರವೂ ಇಲ್ಲ. ರೋಗಿಯ ಮಾತೇ ಪರೀಕ್ಷೆ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಇದನ್ನೂ ಬರೆಯಬಹುದು. ನೋವು ಬಂದ ದಿನಕ್ಕೊಂದು ಅಡ್ಡಗೆರೆ. ಗುಳಿಗೆ ನುಂಗಿದ ದಿನಕ್ಕೊಂದು ಸೊನ್ನೆ. ಮುಟ್ಟಾದ ದಿನಕ್ಕೊಂದು ಚುಕ್ಕೆ. ಹಿಂದಿನ ದಿನ ಆಕಳಿಕೆಯೋ ಕುತ್ತಿಗೆ ನೋವೋ ಇತ್ತೆ ಎಂದು ಒಂದು ಮಾತು. ಓದು ಬಾರದವರೂ ಗೆರೆ ಎಳೆಯಬಲ್ಲರು. ಮೂರು ತಿಂಗಳ ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ಅಮಾವಾಸ್ಯೆಗೊಮ್ಮೆ ಬರುತ್ತದೆಂದು ತಿಳಿದಿದ್ದ ನೋವು ಅಮಾವಾಸ್ಯೆಯನ್ನು ಬಿಟ್ಟು ಮುಟ್ಟಿನ ಚುಕ್ಕೆಯ ಬೆನ್ನಿಗೇ ಬರುತ್ತಿರುವುದು ಎಷ್ಟೋ ಮನೆಗಳಲ್ಲಿ ಕಂಡುಬಂದೀತು.